ಬೆಲ್ಟ್ ಕಿರುಚಿದರೆ ಎಲ್ಲಿ ನೋಡಬೇಕು

ಎಂಜಿನ್‌ನ ಮುಂಭಾಗದಲ್ಲಿ ಸುತ್ತುವ ಬೆಲ್ಟ್ ಕಿರುಚುತ್ತಿದೆ ಎಂದರೆ ಬೆಲ್ಟೂ ಪುಲ್ಲಿಯೂ ಒಂದೇ ವೇಗದಲ್ಲಿ ಓಡುತ್ತಿಲ್ಲವೆಂದು ಅರ್ಥ. ರಬ್ಬರು ಲೋಹವನ್ನು ಒಂದು ಕ್ಷಣ ಕಚ್ಚುತ್ತದೆ, ಮರುಕ್ಷಣ ಜಾರುತ್ತದೆ, ಮತ್ತೆ ಕಚ್ಚುತ್ತದೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಕಂಪನವೇ ಕಿವಿಗೆ ಕಿರುಚಾಟವಾಗಿ ಕೇಳುತ್ತದೆ. ಎಣ್ಣೆ ಕಾಣದ ಬಾವಿಯ ರಾಟೆ ಕಿರುಗುಟ್ಟುವುದೂ ಹೀಗೆಯೇ. ರಾಟೆಗೆ ಎಣ್ಣೆ ಬಿಟ್ಟರೆ ಸುಮ್ಮನಾಗುತ್ತದೆ. ಬೆಲ್ಟಿಗೆ ಎಣ್ಣೆ ತಾಗಿದರೆ ಹಾಳಾಗುತ್ತದೆ. ಆದ್ದರಿಂದ ಇಲ್ಲಿ ಸದ್ದು ಅಡಗಿಸುವುದಕ್ಕಿಂತ ಅದು ಎಲ್ಲಿಂದ ಹುಟ್ಟಿತೆಂದು ಹುಡುಕುವುದು ಮುಖ್ಯ.

ಮುಂದಿನ ಮಾತುಕತೆ ಜಹೀರಾಬಾದಿನಲ್ಲಿ, 65ನೇ ರಾಷ್ಟ್ರೀಯ ಹೆದ್ದಾರಿಯ ಬದಿಯ ಗ್ಯಾರೇಜಿನ ಮುಂದೆ ನಡೆಯುವಂಥದು. ಒಬ್ಬ ಹಿರಿಯ ಮಿಸ್ತ್ರಿ. ಇನ್ನೊಬ್ಬ, ತಾಂಡೂರಿನಿಂದ ಫರಸಿ ಕಲ್ಲು ಹೇರಿಕೊಂಡು ನಾರಾಯಣಖೇಡದ ಕಡೆಗೆ ಸಾಗಿಸುವ ಹಳೆಯ ಪಿಕಪ್ ಗಾಡಿಯ ಚಾಲಕ.

ಚಾಲಕ: ಕಾಕಾ, ಬೆಳಿಗ್ಗೆ ಗಾಡಿ ಚಾಲೂ ಮಾಡಿದ ಕೂಡಲೇ ಕಿರ್ರ್ ಅಂತ ಒದರುತ್ತದೆ. ಅರ್ಧ ನಿಮಿಷ ಕಳೆದರೆ ಸುಮ್ಮನಾಗುತ್ತದೆ. ರಾತ್ರಿ ಲೈಟ್ ಹಾಕಿದರೆ ಮತ್ತೆ ಶುರು. ಎರಡು ತಿಂಗಳ ಹಿಂದಷ್ಟೇ ಬೆಲ್ಟ್ ಬದಲಿಸಿದ್ದೆ. ಈಗ ಇನ್ನೊಂದು ಹಾಕಿಬಿಡಿ.

ಮಿಸ್ತ್ರಿ: ಎರಡು ತಿಂಗಳಿಗೇ ಬೆಲ್ಟ್ ಹೋಯಿತು ಎಂದರೆ ತಪ್ಪು ಬೆಲ್ಟಿನದು ಇರಲಿಕ್ಕಿಲ್ಲ ತಮ್ಮಾ. ಯಾವಾಗ ಒದರುತ್ತದೆ ಅಂತ ನೀನೇ ಹೇಳಿದೆ, ಅಲ್ಲೇ ಅರ್ಧ ಉತ್ತರ ಇದೆ. ಸ್ಟಾರ್ಟರ್ ಮೋಟಾರು ಬ್ಯಾಟರಿಯನ್ನು ಹೀರಿ ಎಂಜಿನ್ ತಿರುಗಿಸುತ್ತದೆ. ಆ ಖರ್ಚನ್ನು ತುಂಬಿಕೊಡಲು ಡೈನಮೋ ಆರಂಭದಲ್ಲಿ ಜೋರಾಗಿ ದುಡಿಯಬೇಕು. ದುಡಿಯುವ ಡೈನಮೋ ತಿರುಗಲು ಒಪ್ಪುವುದಿಲ್ಲ, ಅಡ್ಡ ಹಾಕುತ್ತದೆ. ಅದನ್ನು ಎಳೆಯುವ ಶಕ್ತಿ ಬೆಲ್ಟಿಗಿಲ್ಲದಿದ್ದರೆ ಜಾರುತ್ತದೆ. ಬ್ಯಾಟರಿ ತುಂಬಿಕೊಂಡ ಮೇಲೆ ಭಾರ ಇಳಿಯುತ್ತದೆ, ಸದ್ದೂ ನಿಲ್ಲುತ್ತದೆ. ಲೈಟ್ ಹಾಕಿದಾಗ ಮತ್ತೆ ಭಾರ ಬೀಳುತ್ತದೆ.

ಗ್ಯಾರೇಜಿನಲ್ಲಿ ಡೈನಮೋ ಎಂದು ಕರೆಯುವುದು ಈಗಿನ ಗಾಡಿಗಳ ಆಲ್ಟರ್ನೇಟರನ್ನು. ಅದರ ಭಾರ ಎಷ್ಟೆಂದು ಅಂದಾಜು ಮಾಡಬಹುದು. ಅದು 14 ವೋಲ್ಟಿನಲ್ಲಿ 40 ಆಂಪಿಯರ್ ಕೊಡುತ್ತಿದ್ದರೆ 560 ವ್ಯಾಟ್ ಆಯಿತು. ಒಳಗಿನ ನಷ್ಟ ಸೇರಿಸಿದರೆ ಬೆಲ್ಟ್ ಒದಗಿಸಬೇಕಾದದ್ದು ಸುಮಾರು 1 ಕಿಲೋವ್ಯಾಟ್. ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿದ್ದು, ಕ್ರ್ಯಾಂಕ್ ಪುಲ್ಲಿ 150 ಮಿ.ಮೀ. ಅಗಲವಿದ್ದರೆ ಬೆಲ್ಟ್ ಓಡುವುದು ಸೆಕೆಂಡಿಗೆ ಸುಮಾರು 6 ಮೀಟರ್. ಆ ವೇಗದಲ್ಲಿ 1 ಕಿಲೋವ್ಯಾಟ್ ಸಾಗಿಸಲು ಬೆಲ್ಟಿನ ಬಿಗಿ ಕಡೆಯ ಎಳೆತ ಸಡಿಲ ಕಡೆಗಿಂತ 16 ಕಿಲೋ ತೂಕದಷ್ಟು ಹೆಚ್ಚಿರಬೇಕು. ಅಂಗೈಯಷ್ಟು ಅಗಲದ ಪುಲ್ಲಿಯ ಮೇಲೆ, ಒಂದು ಬೆರಳಿನ ಅಗಲದ ರಬ್ಬರಿಗೆ ಇದು ಸಣ್ಣ ಕೆಲಸವಲ್ಲ.

ಚಾಲಕ: ಈ ಬೆಲ್ಟ್ ಡೈನಮೋ ಒಂದನ್ನೇ ತಿರುಗಿಸುತ್ತದಾ?

ಮಿಸ್ತ್ರಿ: ಈ ಗಾಡಿಯಲ್ಲಿ ನೀರಿನ ಪಂಪನ್ನೂ ತಿರುಗಿಸುತ್ತದೆ. ಟ್ರ್ಯಾಕ್ಟರಿನಲ್ಲಿ ಸಾಮಾನ್ಯವಾಗಿ ಪಂಪು, ಫ್ಯಾನು, ಡೈನಮೋ ಮೂರೂ ಇದರ ಮೇಲೆಯೇ. ಹೊಸ ಗಾಡಿಗಳಲ್ಲಿ ಉದ್ದ ಗೆರೆಗಳಿರುವ ಅಗಲವಾದ ಒಂದೇ ಬೆಲ್ಟ್ ಹಾವಿನ ಹಾಗೆ ಹೊರಳಿ ಎಸಿ ಕಂಪ್ರೆಸರು, ಸ್ಟೀರಿಂಗ್ ಪಂಪು ಎಲ್ಲವನ್ನೂ ಸುತ್ತಿ ಬರುತ್ತದೆ. ಟೈಮಿಂಗ್ ಬೆಲ್ಟ್ ಬೇರೆ. ಅದಕ್ಕೆ ಹಲ್ಲಿರುತ್ತದೆ, ಕವರಿನ ಒಳಗಿರುತ್ತದೆ. ಅದನ್ನು ಈ ಲೆಕ್ಕದಲ್ಲಿ ಮುಟ್ಟಬಾರದು.

ಬೆಲ್ಟಿನ ಸದ್ದಿನಲ್ಲಿ ಎರಡು ಬಗೆ. ಒಂದು, ಹಕ್ಕಿ ಚಿಂವ್ ಚಿಂವ್ ಎಂದ ಹಾಗೆ ಬಿಟ್ಟು ಬಿಟ್ಟು ಬರುವ ಸಣ್ಣ ಸದ್ದು. ಎಂಜಿನ್ ನಿಧಾನವಾಗಿ ತಿರುಗುವಾಗ ಸ್ಪಷ್ಟವಾಗಿ ಕೇಳಿಸಿ, ವೇಗ ಹೆಚ್ಚಿದಂತೆ ಅಡಗುತ್ತದೆ. ಪುಲ್ಲಿಗಳು ಒಂದೇ ಸಾಲಿನಲ್ಲಿ ಇಲ್ಲದಿರುವುದು ಇದರ ಸಾಮಾನ್ಯ ಕಾರಣ. ಬೆಲ್ಟ್ ಪ್ರತಿ ಸುತ್ತಿನಲ್ಲೂ ಸೊಟ್ಟಗೆ ಒಳಹೊಕ್ಕು, ಪಕ್ಕಕ್ಕೆ ಉಜ್ಜಿಕೊಂಡು ತನ್ನ ಜಾಗಕ್ಕೆ ಬರುತ್ತದೆ. ಇನ್ನೊಂದು, ಉದ್ದಕ್ಕೆ ಎಳೆದ ಕಿರುಚಾಟ. ಎಕ್ಸಲರೇಟರ್ ಒತ್ತಿದಾಗ, ಎಸಿ ಅಥವಾ ಲೈಟ್ ಹಾಕಿದಾಗ ಇದು ಏರುತ್ತದೆ. ಇಲ್ಲಿ ಬೆಲ್ಟ್ ಉದ್ದಕ್ಕೂ ಜಾರುತ್ತಿರುತ್ತದೆ: ಬಿಗಿ ಸಾಲದು, ಮೇಲ್ಮೈ ಕೆಟ್ಟಿದೆ, ಇಲ್ಲವೇ ಯಾವುದೋ ಪುಲ್ಲಿ ಬಿಗಿದುಕೊಂಡಿದೆ. ಪಿಕಪ್ ಚಾಲಕ ಹೇಳುತ್ತಿರುವುದು ಈ ಎರಡನೆಯದನ್ನು.

ಚಾಲಕ: ಕಿವಿಗೆ ಎರಡೂ ಒಂದೇ ತರ ಕೇಳಿದರೆ?

ಮಿಸ್ತ್ರಿ: ಒಂದು ಬಾಟಲಿ ನೀರು ಸಾಕು. ಎಂಜಿನ್ ಓಡುತ್ತಿರುವಾಗ ದೂರ ನಿಂತು, ಬೆಲ್ಟಿನ ಒಳಮೈಗೆ ಸ್ವಲ್ಪವೇ ನೀರು ಚಿಮುಕಿಸು. ಸದ್ದು ಕೆಲವು ಕ್ಷಣ ನಿಂತು ಮತ್ತೆ ಬಂದರೆ ಸಾಲು ತಪ್ಪಿದೆ. ನೀರು ಬಿದ್ದ ಕೂಡಲೇ ಜೋರಾದರೆ ಬೆಲ್ಟ್ ಜಾರುತ್ತಿದೆ. ನೀರಿಗೆ ಏನೂ ಆಗದಿದ್ದರೆ ಬೇರಿಂಗ್ ಕಡೆ ನೋಡಬೇಕು. ಇದನ್ನು ಮಾಡುವಾಗ ಹೆಗಲ ಮೇಲಿನ ಟವೆಲ್ ತೆಗೆದಿಡು, ಕೈಗಡಿಯಾರ, ಕಡಗ ಬಿಚ್ಚಿಡು. ನೀರು ಹಾಕುವುದೊಂದು ಬಿಟ್ಟರೆ ಕೈ ಹಾಕಿ ಮಾಡುವ ಮಿಕ್ಕ ಕೆಲಸವೆಲ್ಲ ಎಂಜಿನ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಯೇ ಮಾಡಬೇಕು. ಕರೆಂಟಿನ ಫ್ಯಾನ್ ಇರುವ ಗಾಡಿಯಲ್ಲಿ ಎಂಜಿನ್ ನಿಂತ ಮೇಲೂ ಫ್ಯಾನ್ ತಾನಾಗಿ ತಿರುಗಬಹುದು. ಬೆರಳು ಹೋದರೆ ಮತ್ತೆ ಬರುವುದಿಲ್ಲ.

ನೀರು ಹಾಕಿದಾಗ ಪಿಕಪ್‌ನ ಸದ್ದು ಜೋರಾಯಿತು. ಬೆಲ್ಟ್ ಜಾರುತ್ತಿರುವುದು ಖಚಿತವಾಯಿತು. ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ ಡೈನಮೋದ ಬೋಲ್ಟ್ ಸಡಿಲಿಸಿ, ಕಬ್ಬಿಣದ ಸಲಾಕೆ ಹಾಕಿ ಮೀಟಿ, ಬೆಲ್ಟನ್ನು ತಂತಿಯಂತೆ ಎಳೆದು ಬಿಗಿಯುವುದು.

ಚಾಲಕ: ಹೋದ ಸಲ ಹಾಗೇ ಮಾಡಿದ್ದು ಕಾಕಾ. ಎಂಟು ದಿನ ಸುಮ್ಮನಿತ್ತು.

ಮಿಸ್ತ್ರಿ: ಎಂಟು ದಿನ ಸುಮ್ಮನಿತ್ತು, ಆದರೆ ಡೈನಮೋ ಬೇರಿಂಗಿನ ಆಯುಸ್ಸನ್ನೂ ಪಂಪಿನ ಬೇರಿಂಗಿನ ಆಯುಸ್ಸನ್ನೂ ತಿಂದಿತು. ಎಳೆದಷ್ಟೂ ಅವುಗಳ ಮೇಲೆ ಪಕ್ಕದ ಭಾರ ಬೀಳುತ್ತದೆ. ಇನ್ನೂರು, ಮುನ್ನೂರು ರೂಪಾಯಿಯ ಬೆಲ್ಟಿಗಾಗಿ ಸಾವಿರಗಟ್ಟಲೆಯ ಪಂಪು ಕೆಡಿಸಿಕೊಂಡ ಹಾಗೆ. ಹಿಡಿತ ಬರುವುದು ಎಳೆತ ಒಂದರಿಂದಲೇ ಅಲ್ಲ. ಎತ್ತನ್ನು ಹಿಡಿಯುವಾಗ ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಹಾಕುತ್ತೇವಲ್ಲ, ಆಮೇಲೆ ಹುಡುಗನೂ ಹಿಡಿದು ನಿಲ್ಲಬಹುದು. ಹುಡುಗನ ಬಲ ಹೆಚ್ಚಲಿಲ್ಲ, ಗೂಟ ಹಿಡಿಯಿತು.

ಗೂಟದ ಹಗ್ಗಕ್ಕೂ ಪುಲ್ಲಿಯ ಬೆಲ್ಟಿಗೂ ಸೂತ್ರ ಒಂದೇ. 18ನೇ ಶತಮಾನದ ಗಣಿತಜ್ಞ ಆಯ್ಲರ್ ಮತ್ತು ಅವನ ನಂತರ ಬಂದ ಜರ್ಮನಿಯ ಎಂಜಿನಿಯರ್ ಐಟೆಲ್‌ವೈನ್ ಹೆಸರಿನಲ್ಲಿ ಅದು ಪಠ್ಯಪುಸ್ತಕಗಳಲ್ಲಿದೆ. ಘರ್ಷಣೆ ಮತ್ತು ಸುತ್ತಿದ ಕೋನ ಇವೆರಡೂ ಹೆಚ್ಚಿದಂತೆ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಘರ್ಷಣೆಯ ಗುಣಾಂಕ 0.3 ಎಂದಿಟ್ಟುಕೊಳ್ಳೋಣ. ಚಪ್ಪಟೆ ಬೆಲ್ಟ್ ಪುಲ್ಲಿಯನ್ನು ಅರ್ಧ ಸುತ್ತು ತಬ್ಬಿದ್ದರೆ, ಬಿಗಿ ಕಡೆಯ ಎಳೆತ ಸಡಿಲ ಕಡೆಯದರ ಎರಡೂವರೆ ಪಟ್ಟು ಆಗುವವರೆಗೆ ಮಾತ್ರ ಜಾರದೆ ನಿಲ್ಲುತ್ತದೆ. ಅದೇ ಬೆಲ್ಟಿನ ಎರಡು ಪಕ್ಕಗಳನ್ನು ಇಳಿಜಾರಾಗಿಸಿ, ಪಕ್ಕಗಳ ನಡುವೆ 40 ಡಿಗ್ರಿ ಕೋನವಿರುವ ತೋಡಿನಲ್ಲಿ ಬೆಣೆಯಂತೆ ಕೂರಿಸಿದರೆ ಘರ್ಷಣೆ ಸುಮಾರು ಮೂರು ಪಟ್ಟು ಹೆಚ್ಚಿದಂತೆ ಆಗುತ್ತದೆ. ಹಿಡಿತ 15 ಪಟ್ಟಿಗೆ ಏರುತ್ತದೆ. ಅಮೆರಿಕದ ಜಾನ್ ಗೇಟ್ಸ್ 1917ರಲ್ಲಿ ರಬ್ಬರಿನ ವಿ-ಬೆಲ್ಟ್ ತಂದ ಮೇಲೆ ಮೋಟಾರು ಗಾಡಿಗಳು ಹಗ್ಗ, ಚರ್ಮದ ಪಟ್ಟಿಗಳನ್ನು ಬಿಟ್ಟುಬಿಟ್ಟದ್ದು ಈ ಲಾಭಕ್ಕಾಗಿ.

ಲಾಭ ಹೇಗೆ ಗುಣಿಸುತ್ತದೋ ನಷ್ಟವೂ ಹಾಗೆಯೇ. ತಬ್ಬಿದ ಕೋನ 180 ಡಿಗ್ರಿಯಿಂದ 120ಕ್ಕೆ ಇಳಿದರೆ 15 ಪಟ್ಟಿನ ಹಿಡಿತ 6ಕ್ಕೆ ಬೀಳುತ್ತದೆ. ಚಿಕ್ಕ ಪುಲ್ಲಿಯೇ ಮೊದಲು ಜಾರುವುದು ಇದರಿಂದ. ಬಹುತೇಕ ಗಾಡಿಗಳಲ್ಲಿ ಆ ಚಿಕ್ಕ ಪುಲ್ಲಿ ಡೈನಮೋದ್ದು. ಕೂಲೆಂಟ್ ಅಥವಾ ಎಣ್ಣೆ ತಾಗಿ ಘರ್ಷಣೆ ಅರ್ಧಕ್ಕೆ ಇಳಿದರೆ 15 ಇದ್ದದ್ದು 4 ಆಗುತ್ತದೆ. ಎಷ್ಟೋ ಗ್ಯಾರೇಜುಗಳಲ್ಲಿ ಕಣ್ಣಿಗೆ ಬೀಳದೆ ಹೋಗುವ ಸಂಗತಿ ಇನ್ನೊಂದಿದೆ: ಪುಲ್ಲಿಯ ತೋಡು ಸವೆದು ಅಗಲವಾದರೆ ಬೆಲ್ಟ್ ಕೆಳಗಿಳಿದು ತಳಕ್ಕೆ ಕೂರುತ್ತದೆ. ಆಗ ಪಕ್ಕಗಳು ಹಿಡಿಯುವುದಿಲ್ಲ, ತಳ ಮಾತ್ರ ತಾಗುತ್ತದೆ. ವಿ-ಬೆಲ್ಟ್ ಚಪ್ಪಟೆ ಬೆಲ್ಟಾಗಿಬಿಡುತ್ತದೆ. 15ರಿಂದ ಎರಡೂವರೆಗೆ ಬಂದು ನಿಲ್ಲುತ್ತದೆ. ಇಂಥ ಪುಲ್ಲಿಗೆ ಎಷ್ಟು ಹೊಸ ಬೆಲ್ಟ್ ಹಾಕಿದರೂ ಹಣ ಹೋಗುತ್ತದೆ, ಸದ್ದು ಉಳಿಯುತ್ತದೆ.

ಮಿಸ್ತ್ರಿ: ಬಾ, ಇಲ್ಲಿ ಬಗ್ಗಿ ನೋಡು. ಡೈನಮೋ ಪುಲ್ಲಿಯ ತೋಡಿನ ತಳ ಕನ್ನಡಿಯ ಹಾಗೆ ಹೊಳೆಯುತ್ತಿದೆ. ತಳ ಮಬ್ಬಾಗಿ, ಪಕ್ಕಗಳು ಮಾತ್ರ ಹೊಳೆಯುತ್ತಿರಬೇಕು. ಒಳ್ಳೆಯ ಪುಲ್ಲಿಯಲ್ಲಿ ಬೆಲ್ಟಿನ ಬೆನ್ನು ಅಂಚಿನ ಮಟ್ಟಕ್ಕೆ ಅಥವಾ ಕೊಂಚ ಮೇಲಿರುತ್ತದೆ. ಇಲ್ಲಿ ಒಳಗೆ ಮುಳುಗಿದೆ.

ಚಾಲಕ: ಕಬ್ಬಿಣ ಹೇಗೆ ಸವೆಯಿತು ಕಾಕಾ? ಬೆಲ್ಟ್ ರಬ್ಬರಿನದ್ದಲ್ಲವಾ?

ಮಿಸ್ತ್ರಿ: ರಬ್ಬರು ಸವೆಸಲಿಲ್ಲ, ನಮ್ಮ ದಾರಿಯ ಧೂಳು ಸವೆಸಿತು.

ತಾಂಡೂರು, ಜಹೀರಾಬಾದ್, ನಾರಾಯಣಖೇಡಗಳ ನಡುವೆ ಓಡುವ ಗಾಡಿ ಬೇರೆ ಬೇರೆ ಬಗೆಯ ಧೂಳು ತಿನ್ನುತ್ತದೆ. ತಾಂಡೂರಿನ ನೆಲ ಸುಣ್ಣದ ಕಲ್ಲಿನದು. ನೀಲಿ, ಹಳದಿ ಫರಸಿ ಕೊಯ್ದು ಪಾಲಿಶ್ ಮಾಡುವ ಘಟಕಗಳಿಂದ ಬರುವ ರಾಡಿ ಒಣಗಿ ಬಿಳಿ ಪುಡಿಯಾಗಿ ಗಾಡಿಗಳ ಹಿಂದೆ ಏಳುತ್ತದೆ. ಸುಣ್ಣದ ಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟಿನ ಗಡಸುತನ ಮೋಸ್ ಅಳತೆಯಲ್ಲಿ 3; ಮೃದು ಉಕ್ಕಿನದು 4ರಿಂದ 5ರ ಆಸುಪಾಸು. ಆದ್ದರಿಂದ ಈ ಪುಡಿ ಪುಲ್ಲಿಯನ್ನು ಕೊರೆಯುವುದಕ್ಕಿಂತ ಹೆಚ್ಚಾಗಿ ತೋಡಿನೊಳಗೆ, ಬೆಲ್ಟಿನ ಗೆರೆಗಳ ನಡುವೆ ಒತ್ತಿಕೊಂಡು ಗಟ್ಟಿಯಾಗುತ್ತದೆ. ಜಹೀರಾಬಾದಿನಿಂದ ಬೀದರಿನ ಕಡೆಗೆ ಹರಡಿರುವ ಕೆಮ್ಮಣ್ಣಿನ ಬಣ್ಣ ಕಬ್ಬಿಣದ ಆಕ್ಸೈಡಿನದು. ಅದರ ಹೆಮಟೈಟ್ ಕಣಗಳ ಗಡಸುತನ 5ರಿಂದ 6. ರಸ್ತೆಯ ಮರಳಿನಲ್ಲಿರುವ ಸ್ಫಟಿಕದ್ದು 7. ಇವು ಉಕ್ಕಿಗಿಂತ ಗಟ್ಟಿ. ರಬ್ಬರಿನ ಮೈಗೆ ಕಚ್ಚಿಕೊಂಡ ಇಂಥ ಕಣಗಳು ಪ್ರತಿ ಸುತ್ತಿನಲ್ಲೂ ಉಪ್ಪುಕಾಗದದಂತೆ ಪುಲ್ಲಿಯನ್ನು ತಿಕ್ಕುತ್ತವೆ. ಎರೆಹೊಲದ ಮಣ್ಣು ಬೇಸಿಗೆಯಲ್ಲಿ ನಯವಾದ ಪುಡಿ. ಮಳೆ ಬಿದ್ದ ಮೇಲೆ ಹೊಲದಿಂದ ಬಂದ ಟ್ರ್ಯಾಕ್ಟರಿನ ಬೆಲ್ಟಿಗೆ ಮೆತ್ತಿಕೊಂಡರೆ ಜಾರುವ ಜೇಡಿ.

ಚಾಲಕ: ಹಾಗಾದರೆ ಧೂಳು ತೊಳೆದರೆ ಸಾಕಾ?

ಮಿಸ್ತ್ರಿ: ಸವೆಯುವ ಮೊದಲಾಗಿದ್ದರೆ ಸಾಕಿತ್ತು. ಬೆಲ್ಟ್ ಬಿಚ್ಚಿ, ಪುಲ್ಲಿಯ ತೋಡನ್ನು ತಂತಿ ಬ್ರಷ್‌ನಿಂದ ಉಜ್ಜಿ, ಗಾಳಿ ಹೊಡೆದು, ಬಟ್ಟೆಯಿಂದ ಒರೆಸಬೇಕು. ಬೆಲ್ಟನ್ನು ಸೋಪು ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಬಹುದು. ಡೀಸೆಲ್, ಪೆಟ್ರೋಲ್ ಮುಟ್ಟಿಸಬಾರದು, ರಬ್ಬರು ಉಬ್ಬುತ್ತದೆ. ಎಂಜಿನ್ ಆಯಿಲ್ ಹೀರಿಕೊಂಡ ಬೆಲ್ಟನ್ನು ತೊಳೆದೂ ಪ್ರಯೋಜನವಿಲ್ಲ. ಆಯಿಲ್ ಸೋರುವುದನ್ನು ಮೊದಲು ನಿಲ್ಲಿಸಿ, ಆಮೇಲೆ ಬೆಲ್ಟ್ ಬದಲಿಸು.

ಚಾಲಕ: ಒಣ ಸೋಪು ಉಜ್ಜಿದರೆ ನಿಲ್ಲುತ್ತದೆ ಅನ್ನುತ್ತಾರೆ. ಬೆಲ್ಟಿಗೆ ಹೊಡೆಯುವ ಸ್ಪ್ರೇ ಕೂಡ ಅಂಗಡಿಯಲ್ಲಿದೆ.

ಮಿಸ್ತ್ರಿ: ಅದೆಲ್ಲ ಗಿರಣಿ ಪಟ್ಟಾದ ಕಾಲದ ರೂಢಿ.

ಹಿಟ್ಟಿನ ಗಿರಣಿಯ ಅಗಲ ಪಟ್ಟಾ ಚಪ್ಪಟೆ ಬೆಲ್ಟು. ಅದಕ್ಕೆ ಬೆಣೆಯ ಹಿಡಿತವಿಲ್ಲವಾದ್ದರಿಂದ ರಾಳ, ಮೇಣ ಹಚ್ಚಿ ಅಂಟು ತರಿಸುವುದು ಸರಿಯಾದ ಕ್ರಮವೇ ಆಗಿತ್ತು. ಪಟ್ಟಾ, ಪಾನಾ, ಮಿಸ್ತ್ರಿ, ಚಾಲೂ ಎಂಬ ಮಾತುಗಳು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಸಲೀಸಾಗಿ ಓಡಾಡುವ ಪ್ರದೇಶ ಇದು. 1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯದು. ಮಾತಿನಂತೆ ಕೈಯ ರೂಢಿಯೂ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ಆದರೆ ಗಿರಣಿಯಲ್ಲಿ ಸರಿಯಿದ್ದದ್ದು ಗಾಡಿಯಲ್ಲಿ ಸರಿಯಲ್ಲ. ಸೋಪು ಸದ್ದನ್ನು ಅಡಗಿಸುವುದು ಜಾರಿಕೆ ಹೆಚ್ಚಿಸಿಯೇ. ಬೆಲ್ಟ್ ಸದ್ದಿಲ್ಲದೆ ಜಾರುತ್ತದೆ, ಕಾಯುತ್ತದೆ, ಡೈನಮೋ ಚಾರ್ಜು ಮಾಡುವುದಿಲ್ಲ. ಅಂಟು ಸ್ಪ್ರೇ ಹೊಡೆದರೆ ಮರುದಿನ ಅದೇ ಅಂಟಿಗೆ ತಾಂಡೂರಿನ ಪುಡಿಯೆಲ್ಲ ಬಂದು ಕೂರುತ್ತದೆ. ಉದ್ದ ಗೆರೆಗಳಿರುವ ಅಗಲ ಬೆಲ್ಟಿಗೆ ಇವೆರಡನ್ನೂ ಹಚ್ಚಲೇಬಾರದು.

ಚಾಲಕ: ಪುಲ್ಲಿ ಬದಲಿಸೋಣ. ಅದರ ಜೊತೆ ಇನ್ನೇನು ನೋಡಬೇಕು?

ಮಿಸ್ತ್ರಿ: ಬೆಲ್ಟ್ ಬಿಚ್ಚಿದ್ದೇವೆ, ಈಗಲೇ ಎಲ್ಲ ಪುಲ್ಲಿಯನ್ನೂ ಕೈಯಿಂದ ತಿರುಗಿಸಿ ನೋಡು. ಮರಳು ಅರೆದ ಹಾಗೆ ಗರಗರ ಅಂದರೆ ಬೇರಿಂಗ್ ಹೋಗಿದೆ. ಅತ್ತಿತ್ತ ಅಲ್ಲಾಡಿಸಿದರೆ ಆಟ ಇರಬಾರದು. ನೀರಿನ ಪಂಪಿನ ಕೆಳಗೆ ಸಣ್ಣ ತೂತು ಇದೆ. ಅದರ ಸುತ್ತ ಕೂಲೆಂಟ್ ಒಣಗಿದ ಕಲೆ ಕಂಡರೆ ಪಂಪಿನ ಸೀಲು ಸೋರುತ್ತಿದೆ ಅಂತ. ಆ ಕೂಲೆಂಟೇ ಬೆಲ್ಟಿಗೆ ಸಿಡಿದು ಜಾರಿಸುತ್ತದೆ. ಅನುಮಾನ ಇದ್ದರೆ ಬೆಲ್ಟ್ ಇಲ್ಲದೆಯೇ ಎಂಜಿನ್ನನ್ನು ಹತ್ತು, ಹದಿನೈದು ಸೆಕೆಂಡು ಓಡಿಸು. ಸದ್ದು ಪೂರ್ತಿ ನಿಂತರೆ ಅದು ಈ ಸಾಲಿನದ್ದೇ. ಹೆಚ್ಚು ಹೊತ್ತು ಓಡಿಸಬೇಡ, ನೀರು ತಿರುಗುವುದಿಲ್ಲ, ಎಂಜಿನ್ ಕಾಯುತ್ತದೆ.

ಸಾಲು ನೋಡಲು ಒಂದು ನೇರವಾದ ಉಕ್ಕಿನ ಪಟ್ಟಿ ಸಾಕು. ಅದನ್ನು ಎರಡು ಪುಲ್ಲಿಗಳ ಮುಖಕ್ಕೆ ಅಡ್ಡ ಹಿಡಿದರೆ ನಾಲ್ಕೂ ಅಂಚುಗಳಿಗೆ ತಾಗಬೇಕು. ಅಂಚುಗಳ ದಪ್ಪ ಬೇರೆಯಿದ್ದರೆ ತೋಡಿನ ನಡುವಿನಿಂದ ಅಳೆಯಬೇಕು. ವಿ-ಬೆಲ್ಟಿಗೆ ಸಾಮಾನ್ಯವಾಗಿ ಅರ್ಧ ಡಿಗ್ರಿಯವರೆಗೆ, ಅಂದರೆ ಒಂದು ಅಡಿ ಅಂತರಕ್ಕೆ ಸುಮಾರು ಎರಡೂವರೆ ಮಿ.ಮೀ. ವ್ಯತ್ಯಾಸ ನಡೆಯುತ್ತದೆ. ಗೆರೆಯ ಬೆಲ್ಟಿನಲ್ಲಿ ಅದಕ್ಕಿಂತ ಕಡಿಮೆಗೇ ಚಿಂವ್‌ಗುಟ್ಟುವುದು ಶುರುವಾಗಬಹುದು. ಡೈನಮೋ ಬಿಚ್ಚಿ ಕೂರಿಸುವಾಗ ವಾಷರ್ ಒಂದನ್ನು ಮರೆತರೆ ಸಾಲು ತಪ್ಪಲು ಅಷ್ಟೇ ಸಾಕು. ಹೊಸ ಗಾಡಿಗಳಲ್ಲಿ ಸ್ಪ್ರಿಂಗಿನ ಟೆನ್ಷನರ್ ಇರುತ್ತದೆ. ಪಾನಾ ಹಾಕಿ ತಿರುಗಿಸಿ ಬಿಟ್ಟಾಗ ಅದರ ತೋಳು ತಡವರಿಸದೆ ಹಿಂದೆ ಬರಬೇಕು, ಎಂಜಿನ್ ಓಡುವಾಗ ಕುಣಿಯಬಾರದು. ಕೆಲವು ಡೀಸೆಲ್ ಗಾಡಿಗಳ ಡೈನಮೋ ಪುಲ್ಲಿ ಸೈಕಲ್ಲಿನ ಹಿಂದಿನ ಫ್ರೀವೀಲಿನಂತೆ ಒಂದು ಕಡೆಗೆ ಮಾತ್ರ ಹಿಡಿಯುವಂಥದು. ಅದು ಎರಡೂ ಕಡೆಗೆ ಹಿಡಿದುಕೊಂಡರೆ ಎಂಜಿನ್‌ನ ಪ್ರತಿ ಬಡಿತವೂ ಬೆಲ್ಟಿಗೆ ತಟ್ಟುತ್ತದೆ.

ಚಾಲಕ: ನನ್ನ ಹಳೆಯ ಬೆಲ್ಟ್ ಇನ್ನೂ ಬಿರಿದಿಲ್ಲ. ಅದನ್ನೇ ಹಾಕಬಹುದಾ?

ಮಿಸ್ತ್ರಿ: ಪಕ್ಕಗಳನ್ನು ಮುಟ್ಟಿ ನೋಡು. ಗಾಜಿನ ಹಾಗೆ ನುಣುಪಾಗಿ ಗಟ್ಟಿಯಾಗಿದೆ. ಜಾರಿ ಜಾರಿ ಸುಟ್ಟ ಮೈ ಅದು, ಹೊಸ ಪುಲ್ಲಿಯಲ್ಲೂ ಹಿಡಿಯುವುದಿಲ್ಲ. ಈ ಸಲ ಎರಡನ್ನೂ ಬದಲಿಸಬೇಕು.

ಬಿರುಕು ಕಾಣುವವರೆಗೆ ಬೆಲ್ಟ್ ಚೆನ್ನಾಗಿದೆ ಎಂಬ ನಂಬಿಕೆ ಹಳೆಯ ನಿಯೋಪ್ರೀನ್ ರಬ್ಬರಿಗೆ ಹೊಂದುತ್ತಿತ್ತು. ಈಗಿನ ಗೆರೆಯ ಬೆಲ್ಟುಗಳು ಹೆಚ್ಚಾಗಿ ಇಪಿಡಿಎಂ ಎಂಬ ರಬ್ಬರಿನವು. ಇವು ಬಿರಿಯದೆ, ಟೈರಿನಂತೆ ಸವೆಯುತ್ತವೆ. ಗೆರೆಗಳ ನಡುವಿನ ಕಣಿವೆ ಅಗಲವಾಗುತ್ತದೆ, ತುದಿಗಳು ಪುಲ್ಲಿಯ ತಳಕ್ಕೆ ತಾಗುತ್ತವೆ, ಹಿಡಿತ ಹೋಗುತ್ತದೆ. ಕಣ್ಣಿಗೆ ಹೊಸದರಂತೆ ಕಾಣುವ ಬೆಲ್ಟೂ ಸವೆದಿರಬಹುದು. ಹೊಸದೊಂದನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ತಿಳಿಯುತ್ತದೆ.

ಕೊಳ್ಳುವಾಗ ಬೆನ್ನಿನ ಮೇಲಿನ ಗುರುತು ಓದಬೇಕು. ಎವಿ13×1000 ಎಂದರೆ ಮೇಲಿನ ಅಗಲ 13 ಮಿ.ಮೀ., ಉದ್ದ 1000 ಮಿ.ಮೀ. ಇರುವ ವಿ-ಬೆಲ್ಟ್. 6ಪಿಕೆ1200 ಎಂದರೆ ಆರು ಗೆರೆಯ, 1200 ಮಿ.ಮೀ. ಉದ್ದದ್ದು. ಅಂಗಡಿಯಲ್ಲಿ ಸರಿಯಾದ ಅಳತೆ ಸಿಗದಿದ್ದಾಗ ಸ್ವಲ್ಪ ಉದ್ದದ್ದನ್ನು ಹಾಕಿ ಡೈನಮೋವನ್ನು ಕೊನೆಯವರೆಗೆ ಎಳೆದು ಕೂರಿಸುವುದುಂಟು. ಅದು ಸ್ವಲ್ಪ ಹಿಗ್ಗಿದ ಮೇಲೆ ಬಿಗಿಯಲು ಜಾಗವೇ ಉಳಿದಿರುವುದಿಲ್ಲ. ಎರಡು ಬೆಲ್ಟ್ ಜೋಡಿಯಾಗಿ ಓಡುವ ಲಾರಿಗಳಲ್ಲಿ ಒಂದನ್ನೇ ಬದಲಿಸಬಾರದು. ಹೊಸದು ಬಿಗಿ, ಹಳೆಯದು ಸಡಿಲ ಎಂದಾದರೆ ಇಬ್ಬರ ಹೊರೆ ಒಬ್ಬನ ಮೇಲೆ ಬೀಳುತ್ತದೆ.

ಮಿಸ್ತ್ರಿ: ಗೆರೆಯ ಬೆಲ್ಟ್ ಬಿಚ್ಚುವ ಮೊದಲು ಅದು ಸುತ್ತಿದ ದಾರಿಯ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೋ. ಸ್ಕ್ರೂಡ್ರೈವರ್ ಹಾಕಿ ಮೀಟಿ ಬೆಲ್ಟ್ ಹತ್ತಿಸಬೇಡ, ಒಳಗಿನ ದಾರಗಳು ತುಂಡಾಗುತ್ತವೆ. ಹೊರಗೆ ಏನೂ ಕಾಣುವುದಿಲ್ಲ, ಒಂದು ದಿನ ದಾರಿಯಲ್ಲಿ ಹರಿಯುತ್ತದೆ. ಡೈನಮೋ ಬೋಲ್ಟ್ ಪೂರ್ತಿ ಸಡಿಲಿಸಿದರೆ ಬೆಲ್ಟ್ ತಾನೇ ಕೂರುತ್ತದೆ. ಆಮೇಲೆ ಉದ್ದನೆಯ ಕಡೆಯ ನಡುವೆ ಹೆಬ್ಬೆರಳಿನಿಂದ ಹತ್ತು ಕಿಲೋದಷ್ಟು ಒತ್ತು. ಸುಮಾರು 10ರಿಂದ 12 ಮಿ.ಮೀ. ತಗ್ಗಬೇಕು. ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದೇ ಸರಿ.

ಚಾಲಕ: ಅಷ್ಟಾದರೆ ಮುಗಿಯಿತಾ?

ಮಿಸ್ತ್ರಿ: ಇಲ್ಲ. ಹೊಸ ವಿ-ಬೆಲ್ಟ್ ತೋಡಿನಲ್ಲಿ ಕೂರುತ್ತಾ ಸ್ವಲ್ಪ ಸಡಿಲವಾಗುತ್ತದೆ. ಈಗ ಹದಿನೈದು ನಿಮಿಷ ಓಡಿಸಿ, ನಿಲ್ಲಿಸಿ, ಮತ್ತೊಮ್ಮೆ ಒತ್ತಿ ನೋಡುತ್ತೇನೆ. ನೀನು ತಾಂಡೂರಿಗೆ ಒಂದೆರಡು ಸಲ ಹೋಗಿ ಬಂದ ಮೇಲೆ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಮತ್ತೆ ಒತ್ತಿ ನೋಡು. ವಾರಕ್ಕೊಮ್ಮೆ ಫರಸಿ ಇಳಿಸಿದ ಮೇಲೆ ಬಾನೆಟ್ ಎತ್ತಿ ಆ ಬಿಳಿ ಪುಡಿಗೆ ಗಾಳಿ ಹೊಡೆಸು. ಹಳೆಯ ಬೆಲ್ಟ್ ಎಸೆಯಬೇಡ, ಸೀಟಿನ ಹಿಂದೆ ಇಟ್ಟುಕೋ. ನಡುದಾರಿಯಲ್ಲಿ ಹೊಸದು ಹರಿದರೆ ಗ್ಯಾರೇಜಿನವರೆಗೆ ತಲುಪಿಸಲು ಅದು ಸಾಕು. ಓಡಿಸುವಾಗ ಬ್ಯಾಟರಿಯ ಕೆಂಪು ದೀಪ ಹತ್ತಿ, ಶಾಖದ ಮುಳ್ಳೂ ಏರಿತು ಅಂದರೆ ಬೆಲ್ಟ್ ಹರಿದಿದೆ, ಪಂಪು ನಿಂತಿದೆ. ಮುಂದಿನ ಊರು ಎಷ್ಟೇ ಹತ್ತಿರವಿರಲಿ, ಅಲ್ಲೇ ಬದಿಗೆ ಹಾಕಿ ಎಂಜಿನ್ ಆರಿಸು.